ಡಾಂಬರಿನ ಕೆಳಗಿನ ಜಲ್ಲಿ
(ಶತಮಾನೋತ್ಸವದ ಪೂರ್ವಭಾವಿ ಸಭೆಯಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣ)



ಮುಖ್ಯರಸ್ತೆಯಿಂದ ಶಾಲೆಯ ಅಂಗಳದವರೆಗೆ ಉತ್ಸವಕ್ಕೆ ಮುನ್ನ ಡಾಂಬರು ಹಾಕಿಸಲು ಹಿರಿಯ ವಿದ್ಯಾರ್ಥಿಗಳು ಮುಂದೆ ಬಂದಿದ್ದೀರಿ. ಅದಕ್ಕಾಗಿ ಕೃತಜ್ಞಳಾಗಿದ್ದೇನೆ. ಆದರೆ ಹಿಂದೊಮ್ಮೆ ಹಾಕಿಸಿದ ಡಾಂಬರು ಎರಡನೆಯ ಮಳೆಗಾಲವನ್ನು ದಾಟಲಿಲ್ಲವೆಂಬುದನ್ನು ತಾವೆಲ್ಲ ಬಲ್ಲಿರಿ. ಅಂದು ಆ ಗುಂಡಿಗಳ ಬದಿಯಲ್ಲಿ ನಿಂತು ನೋಡಿದೆ. ಒಂದೆಡೆ ಬರಿಯ ದಪ್ಪ ಜಲ್ಲಿ. ನಾಲ್ಕು ಹೆಜ್ಜೆಯಾಚೆ ಬರಿಯ ಕಲ್ಲುಪುಡಿಯ ಕೆಸರು. ನಾನು ಓದಿದ್ದು ಸಾಹಿತ್ಯವಾದರೂ ಇದರ ಕಾರಣವನ್ನು ತಿಳಿಯಲೇಬೇಕೆನಿಸಿತು.

ಸೇರಿನ ತುಂಬ ಅಡಿಕೆ ತುಂಬಿದ ಮೇಲೂ ಎಡೆಗಳಲ್ಲಿ ಭತ್ತ ಹಿಡಿಸುತ್ತದೆ. ಭತ್ತದ ಎಡೆಗಳಲ್ಲಿ ಮರಳು ಇಳಿಯುತ್ತದೆ. ರಸ್ತೆಯ ತಳಪದರವೂ ಹಾಗೆಯೇ. ದಪ್ಪ ಕಲ್ಲುಗಳು ಒಂದಕ್ಕೊಂದು ಆತು ಚಕ್ರದ ಭಾರವನ್ನು ಹರಡುತ್ತವೆ. ಸಣ್ಣವು ಎಡೆ ತುಂಬಿ ಅವುಗಳನ್ನು ಅಲುಗಾಡಗೊಡುವುದಿಲ್ಲ. ಸಣ್ಣ ಕಲ್ಲು ಕಡಿಮೆಯಾದರೆ ಬಸ್ಸು ಹಾದಂತೆಲ್ಲ ಜಲ್ಲಿ ಸರಿದು ಗಾಲಿಯ ಜಾಡು ತಗ್ಗಾಗುತ್ತದೆ. ಪುಡಿ ಹೆಚ್ಚಾದರೆ ಕಲ್ಲುಗಳು ಪರಸ್ಪರ ತಾಗದೆ ಪುಡಿಯಲ್ಲಿ ತೇಲುತ್ತವೆ. ಒಣಗಿದ್ದಾಗ ಆ ನೆಲ ಕಲ್ಲಿನಂತೆಯೇ ಗಟ್ಟಿ, ಮೋಸವಿರುವುದು ಅಲ್ಲಿಯೇ. ನಮ್ಮ ಕಾಸರಗೋಡಿನ ಮಳೆ ಒಳಗಿಳಿದೊಡನೆ ಪುಡಿ ನೀರನ್ನು ಹಿಡಿದಿಟ್ಟುಕೊಂಡು ಮೆತ್ತಗಾಗುತ್ತದೆ. ಮೇಲಿನ ಡಾಂಬರು ಬಾಗಿ ಬಿರಿಯುತ್ತದೆ.

ವೆಟ್ ಮಿಕ್ಸ್ ಮೆಕಾಡಂ ಎಂಬ ತಳಪದರಕ್ಕೆ ನಮ್ಮ ದೇಶದಲ್ಲಿ ನಿಗದಿಯಾದ ಅಳತೆಯಿದೆ. ಕಲ್ಲೆಲ್ಲವೂ 53 ಮಿ.ಮೀ. ಜರಡಿಯಿಂದ ಇಳಿಯಬೇಕು, ತೂಕದಲ್ಲಿ ಶೇಕಡಾ 60ರಿಂದ 80 ಭಾಗ 22.4 ಮಿ.ಮೀ. ಜರಡಿಯಿಂದ, 25ರಿಂದ 40 ಭಾಗ 4.75 ಮಿ.ಮೀ. ಜರಡಿಯಿಂದ ಇಳಿಯಬೇಕು. ಹಿಟ್ಟಿನಂತಹ ಪುಡಿ ಕೆಲವೇ ಶೇಕಡಾ. ಈ ಹೆಸರಿಗೆ ಮೂಲನಾದ ಸ್ಕಾಟ್ಲೆಂಡಿನ ಜಾನ್ ಲೌಡನ್ ಮೆಕಾಡಂ, 6 ಔನ್ಸಿಗಿಂತ ಭಾರವಾದ ಕಲ್ಲು ರಸ್ತೆಗೆ ಸಲ್ಲದೆಂದು ವಿಧಿಸಿದ್ದ. ಕಣ್ಣಂದಾಜನ್ನು ಅವನು ನಂಬಿರಲಿಲ್ಲ.

ಮಿಶ್ರಣ ಸರಿಯಿದ್ದರೂ ಸಾಲದು. ಟಿಪ್ಪರಿನಿಂದ ರಾಶಿ ಸುರಿದಾಗ ದಪ್ಪ ಕಲ್ಲು ಬುಡಕ್ಕೆ ಉರುಳಿ, ಪುಡಿ ನಡುವೆಯೇ ಉಳಿಯುತ್ತದೆ. ನಾನು ಅಂದು ಕಂಡ ಎರಡು ಬಗೆಯ ಗುಂಡಿಗಳು ಒಂದೇ ಲೋಡಿನವಾಗಿದ್ದಿರಲೂಬಹುದು.

ಆದುದರಿಂದ ನನ್ನ ಬಿನ್ನಹವಿಷ್ಟೆ. ಜಲ್ಲಿಯನ್ನು ಹರಡಿದ ಬಳಿಕ, ರೋಲರ್ ಹಾಯುವ ಮುನ್ನ, ದಾರಿಯ ಮೂರು ನಾಲ್ಕು ಕಡೆಗಳಿಂದ ಮಾದರಿ ತೆಗೆದು ಜರಡಿ ಪರೀಕ್ಷೆ ಮಾಡಿಸೋಣ. ಬದಿಯ ಚರಂಡಿಯನ್ನೂ ಮರೆಯದಿರೋಣ. ಹಣ ಸಾಲದಿದ್ದರೆ ಈ ವರ್ಷ ಅರ್ಧ ದಾರಿಯೇ ಆಗಲಿ. ಉತ್ಸವದಂದು ಅತಿಥಿಗಳು ಉಳಿದರ್ಧವನ್ನು ಕೆಂಪು ಮಣ್ಣಿನಲ್ಲಿ ನಡೆದು ಬಂದರೆ ನನಗೆ ಸಂಕೋಚವಿಲ್ಲ.