ವಿದ್ಯಾರ್ಥಿಗಳ ಕಲಾಪ್ರದರ್ಶನವೂ ಪ್ರೇಕ್ಷಕನ ಧರ್ಮವೂ



ಚಿತ್ರಪಟವು ಗೋಡೆಯ ಮೇಲಿದ್ದರೆ ಪ್ರೇಕ್ಷಕನು ಅದರ ಎದುರಿಗೆ ನಿಲ್ಲುತ್ತಾನೆ; ಇಡೀ ಕೋಣೆಯೇ ಚಿತ್ರವಾದರೆ ಅದರೊಳಗೆ ನಿಲ್ಲಬೇಕಾಗುತ್ತದೆ. ಹೀಗೆ ಒಳಹೊಕ್ಕು ನೋಡತಕ್ಕ ಕಲ್ಪಿತ ಲೋಕಗಳನ್ನು ಕಲಾಶಾಲೆಗಳ ವಿದ್ಯಾರ್ಥಿಗಳು ನಿರ್ಮಿಸುವ ವಾಡಿಕೆಯು ಈಗ ಅನೇಕ ದೇಶಗಳಲ್ಲಿದೆ. ಅವನ್ನು ಕಂಡು ಹೊರಬಂದವರು ಸಾಮಾನ್ಯವಾಗಿ ಎರಡೇ ಮಾತುಗಳನ್ನಾಡುವರು: 'ಹುಡುಗರು ಚೆನ್ನಾಗಿ ಮಾಡಿದ್ದಾರೆ' ಎಂಬುದೊಂದು, 'ಇದೆಂಥ ಕಲೆ!' ಎಂಬುದಿನ್ನೊಂದು. ಮೊದಲನೆಯದು ಭಿಕ್ಷೆಯ ಮಾತು, ಎರಡನೆಯದು ತಿರಸ್ಕಾರದ ಮಾತು. ದುಡಿದ ವಿದ್ಯಾರ್ಥಿಗೆ ಇವೆರಡರಿಂದಲೂ ಪ್ರಯೋಜನವಿಲ್ಲ. ಹಾಗಾದರೆ ಯೋಗ್ಯವಾದ ಉತ್ತರವು ಯಾವುದು? ಇದನ್ನು ಒಂದು ನಿದರ್ಶನದಿಂದ ವಿಚಾರಿಸುವುದು ಉಚಿತವು.

1971ರಲ್ಲಿ ಅಮೇರಿಕೆಯ ಕ್ಯಾಲಿಫೋರ್ನಿಯಾ ಕಲಾಸಂಸ್ಥೆಯಲ್ಲಿ ಜೂಡಿ ಷಿಕಾಗೋ, ಮಿರಿಯಂ ಷಪೀರೋ ಎಂಬ ಇಬ್ಬರು ಕಲಾವಿದೆಯರು ವಿದ್ಯಾರ್ಥಿನಿಯರಿಗಾಗಿಯೇ ಒಂದು ವರ್ಗವನ್ನು ನಡೆಸುತ್ತಿದ್ದರು. ಸಂಸ್ಥೆಯ ಹೊಸ ಕಟ್ಟಡವು ಇನ್ನೂ ಪೂರ್ತಿಯಾಗಿರಲಿಲ್ಲ. ಆದಕಾರಣ, ಹಾಲಿವುಡ್ಡಿನಲ್ಲಿ ಕೆಡವಲೆಂದು ಬಿಟ್ಟಿದ್ದ 17 ಕೋಣೆಗಳ ಹಾಳುಮನೆಯೊಂದನ್ನು ಅವರು ತಾತ್ಕಾಲಿಕವಾಗಿ ಪಡೆದರು. ಸುಮಾರು ಇಪ್ಪತ್ತು ಮಂದಿ ವಿದ್ಯಾರ್ಥಿನಿಯರು ಚಳಿಗಾಲದಲ್ಲಿ ಬೆಚ್ಚನೆಯ ಸೌಕರ್ಯವಿಲ್ಲದ ಆ ಮನೆಯಲ್ಲಿ ಒಡೆದ ಕಿಟಕಿಗಳಿಗೆ ಗಾಜು ಕೂಡಿಸಿದರು. ಗೋಡೆಗಳನ್ನು ಕೆರೆದು ಬಣ್ಣ ಬಳಿದರು. ಅದುವರೆಗೆ ಗರಗಸವನ್ನು ಮುಟ್ಟದವರೂ ಬಡಗಿಯ ಕೆಲಸವನ್ನು ಕಲಿತರು. ಇಂತು ಸಿದ್ಧವಾದ 'ವುಮನ್‌ಹೌಸ್' ಎಂಬ ಪ್ರದರ್ಶನವು 1972ನೆಯ ಜನವರಿ 30ರಿಂದ ಫೆಬ್ರವರಿ 28ರ ವರೆಗೆ ತೆರೆದಿತ್ತು. ಅದನ್ನು ನೋಡಿದವರು ಸುಮಾರು 10,000 ಮಂದಿ.

ಒಳಗೆ ಕಂಡುದೇನು? ಅಡಿಗೆಯ ಮನೆಯಲ್ಲಿ ಗೋಡೆ, ಒಲೆ, ಪಾತ್ರೆಗಳೆಲ್ಲವೂ ಒಂದೇ ನಸುಗೆಂಪು ಬಣ್ಣದವು. ಛಾವಣಿಯಲ್ಲಿದ್ದ ಮೊಟ್ಟೆಯ ಆಕಾರಗಳು ಗೋಡೆಗಿಳಿಯುತ್ತ ತಾಯಿಯ ಎದೆಯ ಆಕಾರಗಳಾಗುತ್ತಿದ್ದವು. ಬಟ್ಟೆಯ ಕಪಾಟಿನ ಹಲಗೆಗಳು ಒಂದು ಸ್ತ್ರೀಪ್ರತಿಮೆಯನ್ನು ಅಡ್ಡಡ್ಡಲಾಗಿ ಸೀಳಿದ್ದವು. ಅವಳ ಒಂದು ಕಾಲು ಮಾತ್ರ ಹೊರಗೆ ಹೆಜ್ಜೆಯಿಟ್ಟಿತ್ತು. ಇನ್ನೊಂದು ಕೋಣೆಯಲ್ಲಿ ಒಬ್ಬಳು ಕನ್ನಡಿಯ ಮುಂದೆ ಕುಳಿತು ಮುಖಕ್ಕೆ ಬಣ್ಣ ಹಚ್ಚುವಳು, ಅಳಿಸುವಳು, ತಿರುಗಿ ಹಚ್ಚುವಳು. ಫೇತ್ ವೈಲ್ಡಿಂಗ್ ಎಂಬಾಕೆ ಕೊಕ್ಕೆಸೂಜಿಯಿಂದ ನೂಲನ್ನು ಹೆಣೆದು ಒಂದು ಕೋಣೆಯನ್ನೇ ಬಲೆಯ ಗುಡಿಸಲಾಗಿ ಮಾಡಿದ್ದಳು. ಅಜ್ಜಿಯರ ಬಿಡುವಿನ ಕೆಲಸವೆಂದು ಕಡೆಗಣಿಸಲ್ಪಟ್ಟ ಹೆಣಿಗೆಯು ಅಲ್ಲಿ ಮಹಾಶಿಲ್ಪವಾಯಿತು.

ಇಂಥ ಕೃತಿಯ ಮುಂದೆ ಪ್ರೇಕ್ಷಕನ ಪ್ರಥಮ ಧರ್ಮವು ತಡೆದು ನಿಲ್ಲುವುದು. ಕಪಾಟಿನ ಬಾಗಿಲಲ್ಲಿ ಕ್ಷಣಮಾತ್ರ ನಿಂತವನಿಗೆ ಸೀಳಿದ ದೇಹವು ಕಾಣುವುದು. ಹೊರಗಿಟ್ಟ ಹೆಜ್ಜೆಯು ಕಾಣಲಾರದು. ಎರಡನೆಯದು, ಕಂಡುದನ್ನು ಕಂಡಂತೆ ಹೇಳುವುದು. 'ಅದ್ಭುತವಾಗಿದೆ' ಎಂಬುದಕ್ಕಿಂತ 'ಆ ಹೆಜ್ಜೆಯನ್ನು ಕಂಡಾಗ ಮನೆಯಲ್ಲಿ ಬಟ್ಟೆ ಮಡಿಸುವ ತಾಯಿಯ ನೆನಪಾಯಿತು' ಎಂಬ ಮಾತು ವಿದ್ಯಾರ್ಥಿನಿಗೆ ಹೆಚ್ಚು ಉಪಯುಕ್ತವು. ತನ್ನ ಕೃತಿಯ ಯಾವ ಭಾಗವು ಮುಟ್ಟಿತೆಂಬುದು ಅವಳಿಗೆ ತಿಳಿಯುವುದು. ಮೂರನೆಯದು, ಅಲ್ಲಿ ಇಲ್ಲದುದನ್ನೂ ವಿಚಾರಿಸುವುದು. ಆ ಮನೆಯು ಬಹುಮಟ್ಟಿಗೆ ಬಿಳಿಯ ಮಧ್ಯಮವರ್ಗದ ಗೃಹಿಣಿಯ ಮನೆಯೆಂದೂ, ಪರರ ಮನೆಗಳಲ್ಲಿ ದುಡಿಯುವ ಹೆಂಗಸಿನ ಅನುಭವಕ್ಕೆ ಅದರಲ್ಲಿ ಎಡೆಯಿಲ್ಲವೆಂದೂ ಮುಂದೆ ವಿಮರ್ಶಕರು ಆಕ್ಷೇಪಿಸಿದರು. ಇದು ನ್ಯಾಯವಾದ ಆಕ್ಷೇಪವು. ವಿದ್ಯಾರ್ಥಿಗಳೆಂಬ ಕರುಣೆಯಿಂದ ಇಂಥ ಮಾತನ್ನು ನುಂಗಿಕೊಳ್ಳುವುದು ಅವರಿಗೆ ಗೌರವವಲ್ಲ. ಅವರನ್ನು ಕಲಾವಿದರೆಂದು ಒಪ್ಪಿದವನು ಮಾತ್ರ ಅದನ್ನು ಆಡಬಲ್ಲನು.

ಪ್ರದರ್ಶನವು ಮುಗಿದ ತರುವಾಯ ಆ ಮನೆಯನ್ನು ಕೆಡವಲಾಯಿತು. ಷಪೀರೋ ಮತ್ತು ಷೆರಿ ಬ್ರೋಡಿ ರಚಿಸಿದ ಬೊಂಬೆಯ ಮನೆಯಂಥ ಕೆಲವೇ ವಸ್ತುಗಳು ಉಳಿದವು. ಅದು ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಕಲಾಸಂಗ್ರಹಾಲಯವನ್ನು ಸೇರಿದೆ. ಮಿಕ್ಕುದೆಲ್ಲವೂ ಛಾಯಾಚಿತ್ರಗಳಲ್ಲಿ, ಒಂದು ಚಲನಚಿತ್ರದಲ್ಲಿ, ಮುಖ್ಯವಾಗಿ ನೋಡಿದವರ ಮಾತುಗಳಲ್ಲಿ ಬಾಳಿತು. ವಿದ್ಯಾರ್ಥಿಗಳ ಇಂಥ ರಚನೆಗಳಲ್ಲಿ ಹೆಚ್ಚಿನವುಗಳ ಗತಿಯು ಇದೇ: ಕೆಲವು ದಿನಗಳಲ್ಲಿ ಮೊಳೆ ಕೀಳುತ್ತಾರೆ, ಬಣ್ಣ ಅಳಿಸುತ್ತಾರೆ, ಕೋಣೆಯು ಮರಳಿ ಪಾಠದ ಕೋಣೆಯಾಗುತ್ತದೆ. ಆದುದರಿಂದ ಹೊರಬರುವ ಪ್ರೇಕ್ಷಕನು, ಬಾಗಿಲಲ್ಲಿ ನಿಂತ ವಿದ್ಯಾರ್ಥಿಯೊಡನೆ ತಾನು ಕಂಡುದನ್ನು ನಾಲ್ಕು ನಿಜವಾದ ಮಾತುಗಳಲ್ಲಿ ಹೇಳಿಯೇ ಮುಂದೆ ಹೋಗತಕ್ಕದ್ದು.