ಪಟೇಲಿಕೆ ಹೋಯಿತು, ಹೆಸರು ಉಳಿಯಿತು

(ಮೂಡಲಪಾಳ್ಯದಲ್ಲಿ ನೀಡಿದ ಉಪನ್ಯಾಸದ ಬರಹರೂಪ)

ಮೂಡಲಪಾಳ್ಯದ ಹೆಸರಿನಲ್ಲೇ ಒಂದು ಸೋಜಿಗವಿದೆ. ಹೆಸರು ಮೂಡಲು, ಊರಿರುವುದು ಬೆಂಗಳೂರಿನ ಪಡುವಲಲ್ಲಿ. ನಗರವನ್ನು ನಡುವೆ ಇಟ್ಟು ದಿಕ್ಕು ಎಣಿಸದ ಕಾಲದ ಹೆಸರು ಅದು. ಅರ್ಥ ಸರಿದುಹೋಗಿ ಹೆಸರಷ್ಟೇ ಉಳಿದ ಇನ್ನೆರಡು ಪದಗಳು ಇಂಥ ಊರುಗಳಲ್ಲಿ ಇಂದಿಗೂ ಕೇಳಿಬರುತ್ತವೆ: ಪಟೇಲ, ಶ್ಯಾನುಭೋಗ.

ಇಂಗ್ಲೆಂಡಿನಲ್ಲೂ ವಂಶಪಾರಂಪರ್ಯದ ಬಿರುದುಗಳಿವೆ. ಬ್ಯಾರೊನೆಟ್ ಎಂಬುದನ್ನು ದೊರೆ ಮೊದಲನೆಯ ಜೇಮ್ಸ್ 1611ರಲ್ಲಿ ಹೊರತಂದದ್ದು ಹಣಕ್ಕಾಗಿ. ಬೆಲೆ 1,095 ಪೌಂಡು. 30 ಸೈನಿಕರನ್ನು ಮೂರು ವರ್ಷ ಸಾಕುವ ಖರ್ಚು. ಗಂಡು ಸಂತತಿ ನಿಂತರೆ ಬಿರುದೂ ಅಳಿಯುತ್ತದೆ. ಅದರಿಂದ ಊರಿಗೇನೂ ನಷ್ಟವಿಲ್ಲ, ಬಿರುದಿಗೆ ಅಂಟಿಕೊಂಡ ಕೆಲಸವೇ ಇಲ್ಲವಲ್ಲ!

ನಮ್ಮಲ್ಲಿ ಹಾಗಲ್ಲ. ಪಟೇಲ ಕಂದಾಯ ವಸೂಲು ಮಾಡಬೇಕು, ಶ್ಯಾನುಭೋಗ ಲೆಕ್ಕ ಬರೆಯಬೇಕು, ತಳವಾರ ಕಾವಲು ಕಾಯಬೇಕು, ನೀರಗಂಟಿ ಕೆರೆಯ ನೀರು ಬಿಡಬೇಕು, ತೋಟಿ ಕರೆದಲ್ಲಿಗೆ ಓಡಬೇಕು. ಪ್ರತಿಯಾಗಿ ಇನಾಂ ಜಮೀನು, ಕಣದಲ್ಲಿ ಆಯದ ಕಾಳು. ತಂದೆಯ ಕೆಲಸ ಮಗನಿಗೆ. ಪಟೇಲನ ಮಗನಿಗೆ ಇದು ಗೌರವ. ತೋಟಿಯ ಮಗನಿಗೆ ತಪ್ಪಿಸಿಕೊಳ್ಳಲಾಗದ ಚಾಕರಿ. ಪಟೇಲಿಕೆಯ ಗತ್ತನ್ನು ನೆನೆಯುವವರು ಈ ಎರಡನೆಯದನ್ನು ಮರೆಯುವುದೇ ಹೆಚ್ಚು.

1960ರಲ್ಲಿ ಆಂಧ್ರದ ಗ್ರಾಮ ಮುನ್ಸೀಫನೊಬ್ಬನ ಹುದ್ದೆಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ವಂಶ ನೋಡಿ ಸರ್ಕಾರಿ ಹುದ್ದೆ ಕೊಡುವುದು ಸಂವಿಧಾನದ 16ನೇ ವಿಧಿಗೆ ವಿರುದ್ಧವೆಂದಿತು. ಮೈಸೂರು ರಾಜ್ಯದ ಗ್ರಾಮ ಹುದ್ದೆಗಳ ರದ್ದತಿ ಕಾಯಿದೆ 1961ರದು. ಜಾರಿಗೆ ಬಂದದ್ದು 1963ರ ಫೆಬ್ರವರಿ 1ರಂದು. ಪಟೇಲನಿಂದ ತೋಟಿಯವರೆಗೆ ಎಲ್ಲರ ವಂಶದ ಹಕ್ಕೂ ಅಂದೇ ಹೋಯಿತು. ಸಂತಾನವಿಲ್ಲದೆ ಅಲ್ಲ, ಮಕ್ಕಳು ಮೊಮ್ಮಕ್ಕಳು ಮನೆತುಂಬ ಇರುವಾಗಲೇ. ಶ್ಯಾನುಭೋಗರ ಜಾಗಕ್ಕೆ ಸಂಬಳದ ಗ್ರಾಮ ಲೆಕ್ಕಿಗರು ಬಂದರು.

ಜಮೀನಿನ ಕಥೆ ಮಾತ್ರ ಅಷ್ಟು ಬೇಗ ಮುಗಿಯಲಿಲ್ಲ. ಇನಾಂ ಭೂಮಿಯನ್ನು ಸರ್ಕಾರ ವಶಕ್ಕೆ ತೆಗೆದುಕೊಂಡು, ಹಣ ಕಟ್ಟಿಸಿಕೊಂಡು, ಹಿಂದೆ ಹುದ್ದೆಯಲ್ಲಿದ್ದವರಿಗೆ ಮರುಮಂಜೂರು ಮಾಡಬೇಕೆಂದು ಕಾಯಿದೆ ಹೇಳಿತ್ತು. ತೋಟಿ, ನೀರಗಂಟಿಗಳ ಎಷ್ಟೋ ಮನೆಗಳಿಗೆ ಆಸ್ತಿಯೆಂದರೆ ಅದೊಂದೇ. ಮಂಜೂರಾತಿಗೆ ಮುಂಚೆಯೇ ಮಾರಾಟಗಳೂ ಆದವು. ಮರುಮಂಜೂರಾದ ಜಮೀನನ್ನು 15 ವರ್ಷ ಪರಭಾರೆ ಮಾಡಕೂಡದೆಂದು 1978ರಲ್ಲಿ ತಿದ್ದುಪಡಿ ಬಂತು. ಎಕರೆಯ ಲೆಕ್ಕ ನಿವೇಶನದ ಲೆಕ್ಕವಾದಂತೆ ಹಳೆಯ ಕ್ರಯಗಳು ಕೋರ್ಟು ಮೆಟ್ಟಿಲೇರಿದವು. ‘ತೋಟಿ ಇನಾಮ್ತಿ’ ಎಂಬ ಮಾತು ಈಗ ಸಿಗುವುದು ಹಳೆಯ ದಾಖಲೆ, ತೀರ್ಪುಗಳಲ್ಲೇ.

ಪಟೇಲ ಎಂಬುದಾದರೋ ಹೆಸರಿನ ಕೊನೆಯಲ್ಲಿ ಸುಖವಾಗಿದೆ. ಹುದ್ದೆ ರದ್ದಾಗಿ 33 ವರ್ಷಗಳ ಮೇಲೆ, 1996ರಲ್ಲಿ, ಮುಖ್ಯಮಂತ್ರಿಯಾದವರು ಜೆ.ಎಚ್. ಪಟೇಲ್. ಮದುವೆಯ ಕರೆಯೋಲೆಯಲ್ಲಿ ‘ಪಟೇಲ್ ಇಂಥವರ ಮೊಮ್ಮಗ’ ಎಂದು ಅಚ್ಚು ಹಾಕಿಸುವವರಿದ್ದಾರೆ. ‘ತೋಟಿ ಇಂಥವರ ಮೊಮ್ಮಗ’ ಎಂದು ಯಾರೂ ಹಾಕಿಸುವುದಿಲ್ಲ.