ಕತ್ತರಿಗೂ ಬೇಕು ಆರೈಕೆ

(ಸುವರ್ಣ ಮಹೋತ್ಸವದ ಹಳೆ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ನಾನು ಬಿಇ ಮುಗಿಸಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವವನು. ಹಾಗಾಗಿ ಕಂಪ್ಯೂಟರ್ ಬಗ್ಗೆಯೇ ಮಾತಾಡುತ್ತೇನೆಂದು ನೀವು ಎಣಿಸಿರಬಹುದು. ಇಂದು ನಾನು ಆರಿಸಿಕೊಂಡ ವಿಷಯ ಮನೆಯ ಕತ್ತರಿ. "ಎಂತ ಮಾರಾಯ, ಕತ್ರಿ ಬಗ್ಗೆ ಎಂತ ಭಾಷಣ" ಎಂದು ನಗಬೇಡಿ. ಕಾರಣ ಹೇಳುತ್ತೇನೆ.

ನಮ್ಮ ಅಮ್ಮ ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದರು. ಸರಕಾರದಿಂದ ಮಕ್ಕಳಿಗೆ ಸಮವಸ್ತ್ರದ ಬಟ್ಟೆ ಬಂದರೆ ಅದು ಅಂಗಿ, ಚಡ್ಡಿ, ಲಂಗ ಆಗಬೇಕಾದದ್ದು ಇಂಥ ಮನೆಗಳಲ್ಲೇ. ಶಾಲೆ ಶುರುವಾಗುವ ಹೊತ್ತಿಗೆ ಮೇಜಿನ ಮೇಲೆ ಬಟ್ಟೆಯ ರಾಶಿ. ಆಗ ಕತ್ತರಿ ಕೈಕೊಟ್ಟರೆ ಬಸ್ಸು ಹತ್ತಿ ಪೇಟೆಗೆ ಹೋಗಬೇಕು, ಅರ್ಧ ದಿನದ ದುಡಿಮೆ ಹೋಯಿತು. ನನ್ನ ಕಾಲೇಜು ಶುಲ್ಕದ ಒಂದು ಪಾಲು ಆ ಕತ್ತರಿಯಿಂದಲೇ ಬಂದದ್ದು. ಒಮ್ಮೆ ಸಾಣೆ ಹಿಡಿಯುವವರೊಬ್ಬರು ಕರೆಂಟಿನ ಚಕ್ರಕ್ಕೆ ಕೊಟ್ಟು ಅಲಗಿನ ಒಳಮೈಯನ್ನೂ ಉಜ್ಜಿ ತಂದರು. ಕತ್ತರಿ ಬೆಳ್ಳಿಯಂತೆ ಹೊಳೆಯುತ್ತಿತ್ತು. ಬಟ್ಟೆ ಮಾತ್ರ ಕತ್ತರಿಸಲಿಲ್ಲ.

ಯಾಕೆ ಕತ್ತರಿಸಲಿಲ್ಲ? ಉತ್ತರ ನಮ್ಮ ವಿಜ್ಞಾನದ ಪಾಠದಲ್ಲೇ ಇದೆ. ಕತ್ತರಿ ಮೊದಲನೇ ವರ್ಗದ ಸನ್ನೆ. ಅಡಕತ್ತರಿ ಎರಡನೇ ವರ್ಗದ್ದು, ಅದರಲ್ಲಿ ಅಡಿಕೆ ನಡುವೆ ಇರುತ್ತದೆ, ಕೈಯ ಬಲ ತುದಿಯಲ್ಲಿ. ಕತ್ತರಿಯಲ್ಲಿ ನಡುವೆ ಇರುವುದು ಸ್ಕ್ರೂ. ಆದರೆ ಸನ್ನೆ ಎಂದರಷ್ಟೇ ಸಾಲದು. ಚಾಕು ಒಂದೇ ಅಲಗಿನಿಂದ ಕೊಯ್ಯುತ್ತದೆ. ಕತ್ತರಿಯಲ್ಲಿ ಎರಡು ಅಲಗುಗಳು ಒಂದಕ್ಕೊಂದು ತಾಗಿಕೊಂಡು ಸರಿಯುವಾಗ ನಡುವೆ ಸಿಕ್ಕ ಬಟ್ಟೆ ತುಂಡಾಗುತ್ತದೆ. ಒಳ್ಳೆಯ ದರ್ಜಿ ಕತ್ತರಿಯನ್ನು ಮುಚ್ಚಿ ಬೆಳಕಿಗೆ ಹಿಡಿದು ನೋಡಿ. ಅಲಗುಗಳ ನಡುವೆ ಕೂದಲೆಳೆಯಷ್ಟು ಸಂದು ಕಾಣುತ್ತದೆ. ಅದು ದೋಷವಲ್ಲ. ಅಲಗನ್ನು ಬೇಕೆಂದೇ ಸ್ವಲ್ಪ ಬಾಗಿಸಿ ಮಾಡಿರುತ್ತಾರೆ, ಕತ್ತರಿಸುವಾಗ ಎರಡೂ ಅಂಚುಗಳು ಒಂದೇ ಬಿಂದುವಿನಲ್ಲಿ ಬಿಗಿಯಾಗಿ ತಾಗಲಿ ಎಂದು. ಒಳಮೈಯನ್ನು ಉಜ್ಜಿದರೆ ಆ ತಾಗುವಿಕೆಯೇ ಕೆಡುತ್ತದೆ.

ನನ್ನ ಕೆಲಸದಲ್ಲಿ ಒಂದು ನಿಯಮವಿದೆ. ದೋಷ ಎಲ್ಲಿದೆ ಎಂದು ತಿಳಿಯದೆ ಪ್ರೋಗ್ರಾಮಿಗೆ ಕೈ ಹಾಕಬಾರದು. ಕತ್ತರಿಗೂ ಅದೇ ನಿಯಮ. ಹಳೆಯ ತೆಳು ಪಂಚೆಯ ತುಂಡೊಂದನ್ನು ಬುಡದಿಂದ ತುದಿಯವರೆಗೆ ನಿಧಾನವಾಗಿ ಕತ್ತರಿಸಿ ನೋಡಿ. ಬಟ್ಟೆ ಮಡಚಿ ಅಲಗುಗಳ ನಡುವೆ ಸಿಕ್ಕಿಕೊಂಡರೆ ಮೊದಲು ಸ್ಕ್ರೂ ಸಡಿಲವಾಗಿದೆಯೇ ನೋಡಬೇಕು. ಪ್ರತಿ ಸಲವೂ ಒಂದೇ ಜಾಗದಲ್ಲಿ ಎಳೆದರೆ ಅಲ್ಲಿ ಅಂಚು ಮುಕ್ಕಾಗಿದೆ. ಗುಂಡುಸೂಜಿಗೋ ತಂತಿಗೋ ತಾಗಿರಬೇಕು. ಉದ್ದಕ್ಕೂ ಜಗಿದಂತೆ ಕತ್ತರಿಸಿದರೆ ಮಾತ್ರ ಅಂಚು ಮೊಂಡಾಗಿದೆ ಎಂದು ಅರ್ಥ.

ಸ್ಕ್ರೂ ಪರೀಕ್ಷೆ ಇನ್ನೂ ಸುಲಭ. ಒಂದು ಹಿಡಿಯನ್ನು ಹಿಡಿದು, ಇನ್ನೊಂದನ್ನು ಅಗಲಕ್ಕೆ ತೆರೆದು ಬಿಡಿ. ಅದು ನಿಧಾನಕ್ಕೆ ಇಳಿದು ಅರ್ಧದಲ್ಲಿ ನಿಂತರೆ ಸರಿ ಇದೆ. ಧಡಕ್ಕನೆ ಮುಚ್ಚಿದರೆ ಸಡಿಲ, ಅಲ್ಲಾಡದಿದ್ದರೆ ಅತಿ ಬಿಗಿ ಅಥವಾ ತುಕ್ಕು. ಎಷ್ಟೋ ಕತ್ತರಿಗಳಿಗೆ ಸ್ಕ್ರೂವನ್ನು ಕಾಲು ಸುತ್ತು ತಿರುಗಿಸುವುದೇ ರಿಪೇರಿ.

ನಿಜಕ್ಕೂ ಅಂಚು ಮೊಂಡಾಗಿದ್ದರೆ ಸಾಣೆಕಲ್ಲು ಬೇಕು. ಒದ್ದೆ ಬಟ್ಟೆಯ ಮೇಲೆ ಕಲ್ಲಿಟ್ಟರೆ ಜಾರುವುದಿಲ್ಲ. ಸ್ಕ್ರೂ ಬಿಚ್ಚುವ ಮೊದಲು ಮೊಬೈಲಿನಲ್ಲಿ ಒಂದು ಫೋಟೋ ತೆಗೆದುಕೊಳ್ಳಿ, ಜೋಡಿಸುವಾಗ ಗೊಂದಲವಾಗದು. ಬಿಚ್ಚಲು ಬಾರದ ಕತ್ತರಿಯನ್ನು ಪೂರ್ತಿ ತೆರೆದು ಹಿಡಿದರೂ ನಡೆಯುತ್ತದೆ. ಅಲಗಿನ ಹೊರಬದಿಯಲ್ಲಿ ಅಂಚಿನುದ್ದಕ್ಕೂ ಕಿರಿದಾದ ಓರೆ ಪಟ್ಟಿಯೊಂದು ಕಾಣುತ್ತದೆ. ಮಸೆಯಬೇಕಾದದ್ದು ಅದನ್ನು ಮಾತ್ರ. ಅದಕ್ಕೆ ಮಾರ್ಕರ್ ಪೆನ್ನಿನಿಂದ ಬಣ್ಣ ಹಚ್ಚಿ, ಆ ಪಟ್ಟಿ ಕಲ್ಲಿಗೆ ಸಮನಾಗಿ ಕೂರುವಂತೆ ಹಿಡಿದು, ಬುಡದಿಂದ ತುದಿಗೆ ಒಂದೇ ದಿಕ್ಕಿನಲ್ಲಿ ಎಳೆಯಿರಿ. ನಾಲ್ಕೈದು ಸಲ ಎಳೆದು ನೋಡಿ. ಬಣ್ಣ ಉಳಿದ ಕಡೆ ಕಲ್ಲು ತಾಗಿಲ್ಲ, ಹಿಡಿದ ಓರೆ ಸರಿಯಿಲ್ಲ. ಚಾಕುವಿನಂತೆ ಮಲಗಿಸಿ ಮಸೆದರೆ ಅಂಚು ತೆಳುವಾಗಿ ಬೇಗ ಮುರಿಯುತ್ತದೆ. ಎರಡೂ ಅಲಗುಗಳಿಗೆ ಸಮನಾಗಿ ಮಸೆಯಿರಿ.

ಮಸೆದ ಮೇಲೆ ಒಳಬದಿಯ ಅಂಚಿನಲ್ಲಿ ಸಣ್ಣ ಜುಂಗು ಏಳುತ್ತದೆ. ಅದನ್ನು ತೆಗೆಯಲು ಒಳಮೈಯನ್ನು ಉಜ್ಜಬೇಡಿ. ಕತ್ತರಿ ಜೋಡಿಸಿ, ಒಂದು ಹನಿ ಎಣ್ಣೆ ಬಿಟ್ಟು ನಾಲ್ಕು ಸಲ ನಿಧಾನಕ್ಕೆ ತೆರೆದು ಮುಚ್ಚಿದರೆ ಅದು ತಾನೇ ಉದುರುತ್ತದೆ. ಒರೆಸಿ, ಹಳೆ ಬಟ್ಟೆಯ ಮೇಲೆ ಕತ್ತರಿಸಿ ನೋಡಿ. ಕರೆಂಟಿನ ಚಕ್ರಕ್ಕೆ ಕೊಡುವುದಾದರೆ ಎದುರು ನಿಂತು ಮಾಡಿಸಿ. ಬಿಸಿಯಾಗಿ ಅಂಚು ನೀಲಿ ಬಣ್ಣಕ್ಕೆ ತಿರುಗಿದರೆ ಉಕ್ಕಿನ ಹದ ಹೋಯಿತೆಂದೇ ತಿಳಿಯಿರಿ. ಮಕ್ಕಳೇ, ಇದನ್ನು ದೊಡ್ಡವರು ಜೊತೆಗಿದ್ದಾಗ ಮಾತ್ರ ಮಾಡಿ.

ಕುಂದಾಪುರ, ಬೈಂದೂರು, ಬ್ರಹ್ಮಾವರ ಎಂದು ತಾಲೂಕು ಮೂರಾದರೂ ನಮ್ಮ ಕಡಲಗಾಳಿ ಒಂದೇ, ಮಳೆಯೂ ಒಂದೇ. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಬೀಳುವ, ಉಪ್ಪುಗಾಳಿ ಬೀಸುವ ಈ ಊರುಗಳಲ್ಲಿ ಕಬ್ಬಿಣದ ದೊಡ್ಡ ಶತ್ರು ತುಕ್ಕು. ಆಟಿ ತಿಂಗಳಲ್ಲಿ ಕತ್ತರಿಯನ್ನು ಹಾಗೇ ಕಿಟಕಿಯಲ್ಲಿಟ್ಟರೆ ಸ್ಕ್ರೂ ಹಿಡಿದುಕೊಳ್ಳುತ್ತದೆ. ಕೆಲಸ ಮುಗಿದ ಮೇಲೆ ಒಣ ಬಟ್ಟೆಯಿಂದ ಒರೆಸಿ, ಸ್ಕ್ರೂಗೆ ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಬಿಡಿ. ಕೈಗೆ ಸಿಗುವುದು ತೆಂಗಿನೆಣ್ಣೆ ಎಂದು ಅದನ್ನೇ ಹಾಕಿದರೆ ದಿನ ಕಳೆದಂತೆ ಧೂಳು ಹಿಡಿದು ಅಂಟಾಗುತ್ತದೆ. ಮೀನಿನ ರೆಕ್ಕೆ ಕತ್ತರಿಸುವ ಕತ್ತರಿ ಬೇರೆಯೇ ಇರಲಿ, ಅದನ್ನು ಕೂಡಲೇ ತೊಳೆದು ಒಣಗಿಸಬೇಕು.

ಅಮ್ಮ ಯಾವಾಗಲೂ ಹೇಳುತ್ತಿದ್ದರು, "ಬಟ್ಟಿ ಕತ್ರಿ ಕಾಗ್ದಕ್ ಮುಟ್ಸುಕಾಗ" ಎಂದು. ಅದು ಬರೇ ಗದರಿಕೆ ಅಲ್ಲ. ಕಾಗದ ಬೆಳ್ಳಗೆ ನುಣುಪಾಗಿರಲು ಅದಕ್ಕೆ ಸುಣ್ಣಕಲ್ಲಿನ ಪುಡಿ, ಜೇಡಿಮಣ್ಣು ಬೆರೆಸಿರುತ್ತಾರೆ. ಅದು ಅಂಚನ್ನು ಸವೆಸುತ್ತದೆ.

ಶಿಕ್ಷಕರಲ್ಲಿ ಒಂದು ವಿನಂತಿ. ಎಡಗೈ ಬಳಸುವ ಮಗು ಕತ್ತರಿ ಸರಿಯಾಗಿ ಹಿಡಿಯುವುದಿಲ್ಲ ಎಂದು ಗದರಬೇಡಿ. ಸಾಮಾನ್ಯ ಕತ್ತರಿ ಬಲಗೈಗೆಂದೇ ಮಾಡಿದ್ದು. ಬಲಗೈಯ ಹೆಬ್ಬೆರಳ ಒತ್ತಡ ಅಲಗುಗಳನ್ನು ಕೂಡಿಸುತ್ತದೆ, ಎಡಗೈಯದ್ದು ದೂರ ಮಾಡುತ್ತದೆ. ಕತ್ತರಿಯ ದೋಷಕ್ಕೆ ಮಗು ಬೈಗುಳ ತಿನ್ನುವುದು ನ್ಯಾಯವಲ್ಲ. ಎಡಗೈಯವರಿಗೆಂದೇ ಮಾಡಿದ ಕತ್ತರಿಗಳು ಸಿಗುತ್ತವೆ.

ಉತ್ತರಪ್ರದೇಶದ ಮೀರತ್ತಿನ ಕತ್ತರಿಗಳಿಗೆ 2013ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತು. ಹಳೆ ವಾಹನಗಳ ಸ್ಪ್ರಿಂಗ್ ಪಟ್ಟಿಯಂಥ ಗುಜರಿ ಉಕ್ಕಿನಿಂದ ಅವನ್ನು ಮಾಡುತ್ತಾರೆ. ಅಜ್ಜ ಕೊಂಡದ್ದು ಮೊಮ್ಮಗನಿಗೂ ಬರುತ್ತದೆ ಎಂಬ ಮಾತು ಅಲ್ಲಿ ಈ ಕತ್ತರಿಗಳ ಬಗ್ಗೆ ಇದೆ. ಮತ್ತೆ ಮತ್ತೆ ಸಾಣೆ ಹಿಡಿಯಲು ಬರುವುದರಿಂದಲೇ ಆ ಮಾತು ಹುಟ್ಟಿದೆ. ನೀವು ಕೊಳ್ಳುವಾಗಲೂ ಬಿಚ್ಚಲು ಬರುವ ಸ್ಕ್ರೂ ಇರುವ ಕತ್ತರಿಯನ್ನೇ ಕೊಳ್ಳಿ.

ಕೊನೆಗೆ ಹಳೆ ವಿದ್ಯಾರ್ಥಿಗಳ ಮುಂದೆ ಒಂದು ಸಲಹೆ. ಈ ಸುವರ್ಣ ಮಹೋತ್ಸವದ ನೆನಪಿಗೆ ನಾವು ಶಾಲೆಗೆ ಕೊಡುವ ವಸ್ತುಗಳ ಜೊತೆ ಒಂದು ಸಣ್ಣ ಪೆಟ್ಟಿಗೆಯೂ ಇರಲಿ. ಅದರಲ್ಲಿ ಎರಡು ಸಾಣೆಕಲ್ಲು, ಸ್ಕ್ರೂಡ್ರೈವರ್‌ಗಳು, ಒಂದು ಬಾಟಲಿ ಎಣ್ಣೆ, ಎಡಗೈಯ ಎರಡು ಕತ್ತರಿ ಇದ್ದರೆ ಸಾಕು. ಪ್ರತಿ ವರ್ಷ ಶಾಲೆ ಶುರುವಾಗುವ ಮುಂಚಿನ ಒಂದು ಭಾನುವಾರ ನಾವು ಕೆಲವರು ಬಂದು ಇಲ್ಲಿ ಕುಳಿತುಕೊಳ್ಳೋಣ. ಊರಲ್ಲಿ ಹೊಲಿಯುವ ಅಕ್ಕಂದಿರು, ಅಣ್ಣಂದಿರು ತಮ್ಮ ಕತ್ತರಿ ತರಲಿ. ಮಕ್ಕಳು ಪಕ್ಕದಲ್ಲಿ ಕುಳಿತು ಕಲಿಯಲಿ. ಸಮವಸ್ತ್ರ ಹೊಲಿಯುವ ಕೈಗಳು ಬಸ್ಸಿಗೆ ಕಾಯುವುದು ತಪ್ಪಲಿ. ಮೊದಲ ವರ್ಷದ ಪೆಟ್ಟಿಗೆ ನನ್ನ ಲೆಕ್ಕದಲ್ಲಿ. ಆ ಭಾನುವಾರ ನಾನು ಬರುತ್ತೇನೆ, ನೀವೂ ಬನ್ನಿ.